ಟೈರು ಬದಲಿಸುವ ದಿನ ನಿಂತು ನೋಡಬೇಕಾದ್ದು

(ಸ್ವಂತ ಕಾರು ಇಟ್ಟುಕೊಂಡವರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳೂ ಅವಕ್ಕೆ ಕೊಟ್ಟ ಉತ್ತರಗಳೂ ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಟೈರಿನ ಮಾತೆತ್ತಿದ ಕೂಡಲೇ ಬರುವ ಪ್ರಶ್ನೆ ಒಂದೇ: "ಯಾವ ಕಂಪನಿದು ಹಾಕಿಸಲಿ ಸಾರ್?" ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಮಿಶೆಲಿನ್, ಯೊಕೊಹಾಮಾ ಎಂದು ಹೆಸರುಗಳ ಮೇಲೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಆಮೇಲೆ ಅಂಗಡಿಗೆ ಹೋಗಿ, ಕೀಲಿ ಕೊಟ್ಟು, ಕಾಫಿ ಕುಡಿಯಲು ಹೊರಟುಬಿಡುತ್ತೇವೆ. ಹೆಸರಾಂತ ಕಂಪನಿಗಳ ಟೈರುಗಳ ನಡುವೆ ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ 40 ಸಾವಿರ ಕಿ.ಮೀ. ಬಾಳಬೇಕಾದ ಟೈರು 20 ಸಾವಿರಕ್ಕೇ ಬೋಳಾದರೆ ಕಾರಣ ಹೆಚ್ಚಿನಂಶ ಬೇರೆಲ್ಲೋ ಇರುತ್ತದೆ: ಗಾಳಿ ತಪ್ಪು, ಅಳತೆ ತಪ್ಪು, ಅವಸರದ ಫಿಟ್ಟಿಂಗು, ಸರಿಮಾಡದೆ ಬಿಟ್ಟ ಅಲೈನ್‌ಮೆಂಟು, ಅಂದರೆ ಚಕ್ರಗಳು ನಿಲ್ಲುವ ಕೋನಗಳ ಹೊಂದಾಣಿಕೆ. ನೀವು ಕಾಫಿ ಕುಡಿಯಲು ಹೋಗುವ ಆ ಒಂದು ಗಂಟೆಯಲ್ಲೇ ಟೈರಿನ ಆಯಸ್ಸು ಬಹುಪಾಲು ನಿರ್ಧಾರವಾಗುತ್ತದೆ. ಅದಕ್ಕೇ ಇವತ್ತಿನ ಮಾತಿನಲ್ಲಿ ಕಂಪನಿಗಳ ವಿಷಯ ಕಡಿಮೆ, ಆ ಗಂಟೆಯ ವಿಷಯ ಹೆಚ್ಚು.

ಮೊದಲು ಹಳೆಯ ಟೈರನ್ನು ನೋಡಿ

ಹೊಸ ಟೈರು ಕೊಳ್ಳುವ ಮುನ್ನ ಹಳೆಯದನ್ನು ಕೈಯಿಂದ ಸವರಿ ನೋಡಿ. ಹೊಸ ಕಾರ್ ಟೈರಿನಲ್ಲಿ ಟ್ರೆಡ್‌ನ (ನೆಲಕ್ಕೆ ತಾಗುವ, ಕಾಲುವೆಗಳಿರುವ ಭಾಗದ) ಆಳ ಸಾಮಾನ್ಯವಾಗಿ 7ರಿಂದ 8 ಮಿ.ಮೀ. ಇರುತ್ತದೆ. ಉದ್ದದ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆಗಳಿವೆ, ಅವುಗಳ ಎತ್ತರ 1.6 ಮಿ.ಮೀ. ಟ್ರೆಡ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರಿನ ಕಥೆ ಮುಗಿಯಿತು. ದಿಣ್ಣೆ ಎಲ್ಲಿದೆ ಎಂದು ತೋರಿಸಲು ಸೈಡ್‌ವಾಲ್‌ನ (ಟೈರಿನ ಪಕ್ಕದ ಗೋಡೆಯ) ಮೇಲ್ತುದಿಯಲ್ಲಿ ಪುಟ್ಟ ತ್ರಿಕೋನವನ್ನೋ ಟಿಡಬ್ಲ್ಯುಐ (TWI, ಸವೆತದ ಗುರುತು) ಎಂಬ ಅಕ್ಷರಗಳನ್ನೋ ಅಚ್ಚು ಹಾಕಿರುತ್ತಾರೆ.

ಅಷ್ಟರವರೆಗೆ ಕಾಯಬೇಡಿ ಎಂಬುದು ನಮ್ಮ ಸಲಹೆ. 3 ಮಿ.ಮೀ.ಗಿಂತ ಕೆಳಗಿಳಿದ ಮೇಲೆ ಟೈರು ನೀರನ್ನು ಹೊರತಳ್ಳುವ ಶಕ್ತಿ ಬೇಗ ಬೇಗ ಕುಗ್ಗುತ್ತದೆ. ಉಡುಪಿ, ಮಂಗಳೂರು, ಶಿವಮೊಗ್ಗದ ಕಡೆಯವರು, ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಹತ್ತಿ ಇಳಿಯುವವರು 3 ಮಿ.ಮೀ.ಗೇ ಬದಲಿಸುವುದು ಒಳ್ಳೆಯದು, ಅದೂ ಮೇ ತಿಂಗಳು ಮುಗಿಯುವುದರೊಳಗೆ. ಆಳ ಅಳೆಯುವ ಗೇಜು ಅಗ್ಗದ ವಸ್ತು. ಒಂದು ಟೈರಿನಲ್ಲಿ ಒಳ ಅಂಚು, ನಡು, ಹೊರ ಅಂಚು, ಹೀಗೆ ಮೂರು ಕಡೆ ಅಳೆದು ಬರೆದಿಟ್ಟುಕೊಳ್ಳಿ.

ಆ ಮೂರು ಅಂಕಿಗಳಲ್ಲಿ ಕಾರಿನ ಸ್ಥಿತಿಯೇ ಕಾಣುತ್ತದೆ. ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಬಹಳ ದಿನ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಒಂದೇ ಅಂಚು, ಅದರಲ್ಲೂ ಒಳ ಅಂಚು ಬೋಳಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ಬುಷ್ (ರಬ್ಬರ್ ಬಳೆ) ಸಡಿಲವಾಗಿದೆ. ಟ್ರೆಡ್ ಮೇಲೆ ಕೈ ಅಡ್ಡಡ್ಡ ಆಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಕೆಟ್ಟಿದೆ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮವಾಗಿರುವುದು) ಹೋಗಿರಲೂಬಹುದು.

ಇದನ್ನು ಮೊದಲು ನೋಡಿ ಎಂದು ಒತ್ತಿ ಹೇಳಲು ಕಾರಣವಿದೆ. ಬುಷ್ ಹಾಳಾಗಿರುವ ಕಾರಿಗೆ ಎಷ್ಟು ದುಬಾರಿ ಟೈರು ಹಾಕಿದರೂ ಅದೂ ಅದೇ ಅಂಚಿನಲ್ಲಿ ಸವೆಯುತ್ತದೆ. ಟೈರಿಗೆ ಮುಂಚೆ ಮೆಕ್ಯಾನಿಕ್ ಬಳಿ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ (ಚಕ್ರವನ್ನು ಹಿಡಿದು ತಿರುಗಿಸುವ ಕೀಲುಗಳು) ತೋರಿಸಿ. ಕಳೆದ ಟೈರು ತಿಂದ ರೋಗವನ್ನು ಹೊಸದಕ್ಕೆ ಅಂಟಿಸಬೇಡಿ.

ಸವೆತ ಕಡಿಮೆಯಿದ್ದರೂ ಬದಲಿಸಲೇಬೇಕಾದ ಸಂದರ್ಭಗಳಿವೆ. ಗುಂಡಿಗೋ ಹಂಪ್‌ಗೋ ಜೋರಾಗಿ ಬಡಿದು ಸೈಡ್‌ವಾಲ್‌ನಲ್ಲಿ ಉಬ್ಬು ಎದ್ದಿದ್ದರೆ ಒಳಗಿನ ನೂಲು ಹರಿದಿದೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ. ಯಾವ ಹೊತ್ತಿನಲ್ಲಾದರೂ ಸಿಡಿಯಬಹುದಾದ ಟೈರು ಅದು. ಇನ್ನು ವಯಸ್ಸು. ಮನೆಯ ಮುಂದೆ ಬಿಸಿಲಲ್ಲೇ ನಿಲ್ಲುವ, ವರ್ಷಕ್ಕೆ ಮೂರು ನಾಲ್ಕು ಸಾವಿರ ಕಿ.ಮೀ. ಮಾತ್ರ ಓಡುವ ಕಾರುಗಳಲ್ಲಿ ಟ್ರೆಡ್ ಚೆನ್ನಾಗಿಯೇ ಕಾಣುತ್ತದೆ, ಆದರೆ ರಬ್ಬರು ಗಟ್ಟಿಯಾಗಿ ಸೀಳು ಬಿಟ್ಟಿರುತ್ತದೆ. ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ ತೋರಿಸಿ. ಹತ್ತು ವರ್ಷ ತುಂಬಿದ ಟೈರು ಎಷ್ಟೇ ಚೆನ್ನಾಗಿ ಕಂಡರೂ ತೆಗೆದುಬಿಡಿ.

ಸೈಡ್‌ವಾಲ್ ಮೇಲಿನ ಅಂಕಿಗಳು

185/65 ಆರ್15 88ಎಚ್ ಎಂಬ ಟೈರನ್ನು ತೆಗೆದುಕೊಳ್ಳೋಣ. 185 ಎಂದರೆ ಮಿ.ಮೀ.ಗಳಲ್ಲಿ ಅಗಲ. 65 ಎಂದರೆ ಸೈಡ್‌ವಾಲ್‌ನ ಎತ್ತರ ಆ ಅಗಲದ ಶೇ. 65, ಅಂದರೆ ಸುಮಾರು 120 ಮಿ.ಮೀ. ಆರ್ ಎಂದರೆ ರೇಡಿಯಲ್, ಒಳಗಿನ ನೂಲುಗಳು ಅಡ್ಡಲಾಗಿ ಹಾಯ್ದಿರುವ ಬಗೆ. 15 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 88 ಭಾರದ ಸಂಕೇತ: ಒಂದು ಟೈರು 560 ಕಿಲೋ ಹೊರಬಲ್ಲದು. ಎಚ್ ವೇಗದ ಸಂಕೇತ: ಗಂಟೆಗೆ 210 ಕಿ.ಮೀ.ವರೆಗೆ. ಟಿ ಇದ್ದರೆ 190, ಎಸ್ ಇದ್ದರೆ 180. ಭಾರದ ಸಂಕೇತ 82 ಇದ್ದರೆ 475 ಕಿಲೋ, 91 ಇದ್ದರೆ 615 ಕಿಲೋ.

ಅಷ್ಟು ವೇಗದಲ್ಲಿ ನಾವು ಹೋಗುವುದಿಲ್ಲವಲ್ಲ ಎಂದು ಕಡಿಮೆ ಸಂಕೇತದ ಟೈರು ಹಾಕಿಸುವವರಿದ್ದಾರೆ. ವೇಗದ ಸಂಕೇತವೆಂದರೆ ಟೈರು ಎಷ್ಟು ಬಿಸಿ ತಡೆದೀತು ಎಂಬುದರ ಅಳತೆಯೂ ಹೌದು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ರಾಯಚೂರು ಕಲಬುರಗಿ ಕಡೆಯ ಬಿಸಿಲಿಗೆ ಕಾದ ಡಾಂಬರು. ಅಲ್ಲಿ ಆ ಸಂಕೇತ ಕೆಲಸಕ್ಕೆ ಬರುತ್ತದೆ. ಕಂಪನಿ ಕೊಟ್ಟಿದ್ದಕ್ಕಿಂತ ಭಾರದ ಸಂಕೇತವನ್ನಾಗಲಿ ವೇಗದ ಸಂಕೇತವನ್ನಾಗಲಿ ಇಳಿಸಬೇಡಿ. ಏರಿಸಿದರೆ ತೊಂದರೆಯಿಲ್ಲ.

ಅಳತೆ ಬದಲಿಸುವ ಆಸೆ ಬಹಳ ಮಂದಿಗಿದೆ. ಲೆಕ್ಕ ಸುಲಭ: ಸೈಡ್‌ವಾಲ್‌ನ ಎತ್ತರದ ಎರಡು ಪಟ್ಟಿಗೆ ರಿಮ್ಮಿನ ವ್ಯಾಸ ಕೂಡಿಸಿ, ಇಂಚಿಗೆ 25.4 ಮಿ.ಮೀ. 185/65 ಆರ್15ಕ್ಕೆ ಒಟ್ಟು ವ್ಯಾಸ 621.5 ಮಿ.ಮೀ. ಬರುತ್ತದೆ. ಸ್ವಿಫ್ಟ್‌ನ ಕೆಳಗಿನ ಮಾದರಿಗಳಲ್ಲಿ ಬರುವ 165/80 ಆರ್14 ಲೆಕ್ಕ ಹಾಕಿದರೆ ಸುಮಾರು 620. ಮೇಲಿನ ಮಾದರಿಯ 185/65 ಆರ್15ಕ್ಕೂ ಅದಕ್ಕೂ ಒಂದೆರಡು ಮಿ.ಮೀ. ಅಂತರ ಅಷ್ಟೆ. ರಿಮ್ಮು ದೊಡ್ಡದಾದರೂ ಒಟ್ಟು ವ್ಯಾಸ ಅಷ್ಟೇ ಇರುವಂತೆ ತಯಾರಕರು ನೋಡಿಕೊಂಡಿದ್ದಾರೆ. ನೀವೂ ಅದನ್ನೇ ಪಾಲಿಸಿ. ಅದೇ 15 ಇಂಚಿನ ರಿಮ್ಮಿಗೆ 195/65 ಹಾಕಿದರೆ ವ್ಯಾಸ 634.5ಕ್ಕೆ ಹೋಗುತ್ತದೆ, ಶೇ. 2ರಷ್ಟು ಹೆಚ್ಚು. ಮೊದಲಿಗಿಂತ ಸ್ಪೀಡೊಮೀಟರು ಕಡಿಮೆ ತೋರಿಸುತ್ತದೆ, ಎಂಜಿನ್ನಿಗೆ ಎಳೆಯುವುದು ಭಾರವಾಗುತ್ತದೆ, ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರದ ಗೂಡಿನ ಒಳಹೊದಿಕೆಗೆ (ಲೈನರಿಗೆ) ಉಜ್ಜಬಹುದು. ರಿಮ್ಮಿನ ಅಗಲವೂ ಹೊಂದಬೇಕು: 185/65 ಆರ್15 ಟೈರಿಗೆ 5ರಿಂದ 6.5 ಇಂಚು ಅಗಲದ ರಿಮ್ಮು ಸರಿ. ನಮ್ಮ ಮಾತು ನೇರ: ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್‌ನಲ್ಲಿ ಯಾವ ಅಳತೆ ಇದೆಯೋ ಅದನ್ನೇ ಹಾಕಿ.

ತಯಾರಾದ ದಿನಕ್ಕೆ ನಾಲ್ಕು ಅಂಕಿ ನೋಡಿ. ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ಒಂದು ಅಂಡಾಕಾರದೊಳಗೆ 2325 ಎಂದಿದ್ದರೆ 2025ರ 23ನೇ ವಾರದ ಟೈರು. ಈ ಅಂಕಿ ಎಷ್ಟೋ ಟೈರುಗಳಲ್ಲಿ ಒಂದು ಪಕ್ಕದಲ್ಲಿ ಮಾತ್ರ ಇರುತ್ತದೆ, ಆದ್ದರಿಂದ ರಿಮ್ಮಿಗೆ ಹಾಕುವ ಮೊದಲೇ ಎರಡೂ ಬದಿ ತಿರುಗಿಸಿ ನೋಡಿ. ಆರು ತಿಂಗಳ ಒಳಗಿನದು ಸಿಕ್ಕರೆ ಚೆನ್ನ. ನೆರಳಲ್ಲಿ ಸರಿಯಾಗಿ ಇಟ್ಟಿದ್ದರೆ ವರ್ಷದೊಳಗಿನದನ್ನೂ ಒಪ್ಪಬಹುದು. ಅಂಗಡಿಯ ಮುಂದೆ ಬಿಸಿಲಿಗೆ ಜೋಡಿಸಿಟ್ಟದ್ದು ಬೇಡ. ಐಎಸ್‌ಐ ಗುರುತಿದೆಯೇ ನೋಡಿ, ಕಾರಿನ ಟೈರಿಗೆ ಅದರ ಜೊತೆ ಐಎಸ್ 15633 ಎಂಬ ಸಂಖ್ಯೆ ಇರುತ್ತದೆ.

ಟ್ರೆಡ್‌ವೇರ್ (ಸವೆತ ತಡೆಯುವ ಶಕ್ತಿ) ಎಂದು ಬರೆದ 300, 400ರ ಅಂಕಿಗಳನ್ನು ಬೇರೆ ಬೇರೆ ಕಂಪನಿಗಳ ನಡುವೆ ಹೋಲಿಸಬೇಡಿ. ಆ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುತ್ತದೆ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಹೋಲಿಸಲು ಅಡ್ಡಿಯಿಲ್ಲ. ಹೆಚ್ಚು ಬಾಳಲೆಂದು ಗಟ್ಟಿ ರಬ್ಬರಿನಲ್ಲಿ ಮಾಡಿದ ಟೈರು ಒದ್ದೆ ರಸ್ತೆಯಲ್ಲಿ ಸ್ವಲ್ಪ ಹಿಡಿತ ಬಿಟ್ಟುಕೊಡುವುದುಂಟು. ಬೆಂಗಳೂರಿನೊಳಗೇ ಓಡಾಡುವವರಿಗೆ ಬಾಳಿಕೆ, ಸದ್ದು ಮುಖ್ಯವಾಗಬಹುದು. ಕರಾವಳಿ ಮಲೆನಾಡಿನವರು ಒದ್ದೆ ಹಿಡಿತಕ್ಕೇ ಮೊದಲ ಸ್ಥಾನ ಕೊಡಿ.

ಎರಡು ಮಾತ್ರ ಬದಲಿಸುವುದಾದರೆ

ನಾಲ್ಕೂ ಒಟ್ಟಿಗೆ ಬದಲಿಸಿದರೆ ಉತ್ತಮ. ಎರಡೇ ಸಾಧ್ಯವಾದರೆ ಒಂದೇ ಆಕ್ಸಲ್‌ನ (ಮುಂದಿನ ಅಥವಾ ಹಿಂದಿನ ಜೋಡಿಯ) ಎರಡರಲ್ಲೂ ಅದೇ ಕಂಪನಿ, ಅದೇ ಮಾದರಿ, ಅದೇ ಅಳತೆ ಇರಬೇಕು. ಆ ಎರಡು ಹೊಸ ಟೈರು ಹಿಂದಕ್ಕೆ ಹೋಗಬೇಕು.

ಇಲ್ಲಿ ಬಹಳ ಮಂದಿ ವಾದಕ್ಕೆ ನಿಲ್ಲುತ್ತಾರೆ. ಎಂಜಿನ್ ಎಳೆಯುವುದು ಮುಂದಿನ ಚಕ್ರ, ಸ್ಟಿಯರಿಂಗ್ ಮುಂದೆ, ಬ್ರೇಕಿನ ಭಾರ ಮುಂದೆ, ಹೊಸದು ಮುಂದೆಯೇ ಇರಬೇಡವೇ ಎನ್ನುತ್ತಾರೆ. ಮಳೆಯಲ್ಲಿ ಏನಾಗುತ್ತದೆ ನೋಡಿ. ಮುಂದಿನ ಟೈರು ಜಾರಿದರೆ ಕಾರು ನೇರ ಹೋಗಲು ನೋಡುತ್ತದೆ. ಆಕ್ಸಿಲರೇಟರ್ ಬಿಟ್ಟರೆ ವೇಗ ಇಳಿದು ಹಿಡಿತ ಮರಳಿ ಬರುತ್ತದೆ, ಸ್ಟಿಯರಿಂಗ್‌ನಲ್ಲೇ ಅದು ಕೈಗೆ ಗೊತ್ತಾಗುತ್ತದೆ. ಹಿಂದಿನ ಟೈರು ಜಾರಿದರೆ ಕಾರಿನ ಬಾಲ ತಿರುಗುತ್ತದೆ. ಮುನ್ಸೂಚನೆ ಸಿಗುವುದಿಲ್ಲ, ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ ಇನ್ನಷ್ಟು ತಿರುಗುತ್ತದೆ. ಸಾಮಾನ್ಯ ಚಾಲಕ ಅದನ್ನು ಸಂಭಾಳಿಸಲಾರ. ಆದ್ದರಿಂದ ಆಳ ಹೆಚ್ಚಿರುವ ಜೋಡಿ ಯಾವಾಗಲೂ ಹಿಂದೆ.

ಆ ಒಂದು ಗಂಟೆ

ಈಗ ಅಂಗಡಿಗೆ ಬರೋಣ. ಟೈರ್ ಚೇಂಜರ್ ಯಂತ್ರ, ಕಂಪ್ಯೂಟರ್ ಬ್ಯಾಲೆನ್ಸರ್, ಟಾರ್ಕ್ ರೆಂಚ್ (ನಟ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಪಾನ, ಅಂದರೆ ಸ್ಪ್ಯಾನರ್), ಈ ಮೂರೂ ಇರುವ ಅಂಗಡಿಯನ್ನೇ ಆರಿಸಿ. ಹಾರೆಯಿಂದ ಎಬ್ಬಿಸಿ ತೆಗೆಯುವ ಕಡೆ ಅಲಾಯ್ ರಿಮ್ಮು ಕೊಡಬೇಡಿ.

ಮೊದಲು ವಾಲ್ವಿನೊಳಗಿನ ಪಿನ್ ಬಿಚ್ಚಿ ಪೂರ್ತಿ ಗಾಳಿ ತೆಗೆಯಬೇಕು. ಆಮೇಲೆ ರಿಮ್ಮಿಗೆ ಕಚ್ಚಿಕೊಂಡಿರುವ ಟೈರಿನ ಅಂಚನ್ನು, ಅಂದರೆ ಬೀಡನ್ನು, ಯಂತ್ರದಿಂದ ಒತ್ತಿ ಬಿಡಿಸುತ್ತಾರೆ. ವಾಲ್ವಿನಲ್ಲೇ ಗಾಳಿ ಅಳೆಯುವ ಸೆನ್ಸರ್ ಇರುವ ಕಾರಾದರೆ ಈ ಹಂತಕ್ಕೆ ಮುಂಚೆಯೇ ಹೇಳಿಬಿಡಿ. ವಾಲ್ವಿನ ಪಕ್ಕದಲ್ಲಿ ಒತ್ತಿದರೆ ಸೆನ್ಸರ್ ಮುರಿಯುತ್ತದೆ.

ಟೈರು ಹೊರಬಂದ ಮೇಲೆ ರಿಮ್ಮನ್ನು ನೋಡಿ. ಇಷ್ಟು ಸ್ಪಷ್ಟವಾಗಿ ಅದು ಇನ್ನು ಕಾಣುವುದು ಮುಂದಿನ ಟೈರು ಬದಲಿಸುವಾಗಲೇ. ಗುಂಡಿಗೆ ಬಿದ್ದು ಅಂಚು ಮಡಚಿದೆಯೇ, ಅಲಾಯ್‌ನಲ್ಲಿ ಕೂದಲಿನಂಥ ಬಿರುಕಿದೆಯೇ, ಬೀಡ್ ಕೂರುವ ಜಾಗದಲ್ಲಿ ತುಕ್ಕು, ಹಳೆಯ ರಬ್ಬರು ಅಂಟಿದೆಯೇ. ತಂತಿ ಬ್ರಷ್ಷಿನಿಂದ ಆ ಜಾಗ ಶುಚಿ ಮಾಡಿಸಿ. ವಾರಕ್ಕೆ ಮೂರು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುವ, ಎಷ್ಟು ನೋಡಿದರೂ ಪಂಕ್ಚರ್ ಕಾಣದ ಟೈರುಗಳಲ್ಲಿ ಸೋರಿಕೆ ಹೆಚ್ಚಾಗಿ ಇಲ್ಲೇ ಇರುತ್ತದೆ. ರಬ್ಬರ್ ವಾಲ್ವನ್ನು ಪ್ರತಿ ಸಲ ಹೊಸದು ಹಾಕಿಸಿ. ಅದರ ಬೆಲೆ ತೀರ ಕಡಿಮೆ, ಹಳೆಯದು ಬುಡದಲ್ಲಿ ಸೀಳಿದರೆ ಹೆದ್ದಾರಿಯಲ್ಲಿ ಗಾಳಿ ಒಮ್ಮೆಲೇ ಹೋಗುತ್ತದೆ.

ಬೀಡಿಗೆ ಹಚ್ಚಬೇಕಾದದ್ದು ಟೈರಿಗೆಂದೇ ಬರುವ ಸೋಪಿನ ಪೇಸ್ಟ್. ಗ್ರೀಸ್, ಹಳೆಯ ಎಂಜಿನ್ ಆಯಿಲ್, ಡೀಸೆಲ್ ಹಚ್ಚಲು ಬಂದರೆ ತಡೆಯಿರಿ. ಎಣ್ಣೆ ರಬ್ಬರನ್ನು ತಿನ್ನುತ್ತದೆ, ಒಣಗದೆ ಉಳಿದು ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರುವಂತೆ ಮಾಡುತ್ತದೆ, ಮಾಡಿದ ಬ್ಯಾಲೆನ್ಸಿಂಗ್ ಅಲ್ಲಿಗೆ ಕೆಡುತ್ತದೆ.

ದಿಕ್ಕು ನೋಡಿ. ರೊಟೇಶನ್ ಎಂದು ಬಾಣ ಇರುವ ಟೈರು ಬಾಣದ ದಿಕ್ಕಿಗೇ ಉರುಳಬೇಕು. ಔಟ್‌ಸೈಡ್ ಎಂದು ಬರೆದ ಬದಿ ಹೊರಗೆ ಕಾಣಬೇಕು. ಕಾರು ಹೊರಡುವ ಮುನ್ನ ಒಂದು ಸುತ್ತು ಹಾಕಿ ನಾಲ್ಕೂ ಚಕ್ರದಲ್ಲಿ ಈ ಬರಹ ಓದಿಕೊಳ್ಳಿ. ಟೈರಿನ ಮೇಲೆ ಹಳದಿ ಚುಕ್ಕೆ ಇದ್ದರೆ ಅದು ಟೈರಿನ ಹಗುರವಾದ ಭಾಗ. ಅದನ್ನು ವಾಲ್ವ್ ಇರುವ ಕಡೆಗೇ ತಂದು ಕೂರಿಸಿದರೆ ಬ್ಯಾಲೆನ್ಸ್ ತೂಕ ಕಡಿಮೆ ಸಾಕಾಗುತ್ತದೆ.

ಗಾಳಿ ತುಂಬಿದಾಗ ಬೀಡ್ "ಟಪ್, ಟಪ್" ಎಂದು ಎರಡು ಸಲ ಸದ್ದು ಮಾಡಿ ಕೂರುತ್ತದೆ. ಇದಕ್ಕೆ 40 ಪಿಎಸ್‌ಐ ದಾಟಬಾರದು. ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ಹಚ್ಚಬೇಕೇ ಹೊರತು 60, 70ರವರೆಗೆ ಏರಿಸಬಾರದು. ಬೀಡಿನೊಳಗಿನ ಉಕ್ಕಿನ ತಂತಿ ಹರಿದರೆ ಎದುರಿಗಿದ್ದವರ ಪ್ರಾಣಕ್ಕೇ ಅಪಾಯ. ಈ ಹಂತದಲ್ಲಿ ನೀವೂ ಮಕ್ಕಳೂ ದೂರ ನಿಲ್ಲಿ. ಕೂತ ಮೇಲೆ ರಿಮ್ಮಿನ ಅಂಚಿನ ಉದ್ದಕ್ಕೂ ಟೈರಿನಲ್ಲಿ ಒಂದು ಸಣ್ಣ ಗೆರೆ ಕಾಣುತ್ತದೆ. ಅದು ಸುತ್ತಲೂ ಒಂದೇ ಅಂತರದಲ್ಲಿರಬೇಕು.

ಬ್ಯಾಲೆನ್ಸಿಂಗ್‌ನಲ್ಲಿ ರಿಮ್ಮಿಗೆ ಹಚ್ಚಿದ ಹಳೆಯ ಸಣ್ಣ ತೂಕಗಳನ್ನೆಲ್ಲ ಕಿತ್ತು ಹಾಕಿ ಶುರು ಮಾಡಬೇಕು. ತೂಕ ಹಚ್ಚಿದ ಮೇಲೆ ಮತ್ತೊಮ್ಮೆ ತಿರುಗಿಸಿ ಒಳಗೂ ಹೊರಗೂ ಸೊನ್ನೆ ಬಂತೇ ನೋಡಬೇಕು. ಈ ಎರಡನೆಯ ಸುತ್ತನ್ನು ಅವಸರದ ಅಂಗಡಿಗಳು ಬಿಟ್ಟುಬಿಡುತ್ತವೆ. 15 ಇಂಚಿನ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ಹೆಚ್ಚುಕಡಿಮೆ ಉಳಿದರೆ, 100 ಕಿ.ಮೀ. ವೇಗದಲ್ಲಿ ಅದು ಸುಮಾರು 3 ಕಿಲೋ ಬಲದಿಂದ ಸೆಕೆಂಡಿಗೆ 14 ಸಲ ಚಕ್ರವನ್ನು ಎಳೆದಾಡುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಗೆ ಬಂದ ಮೇಲೆ ಸ್ಟಿಯರಿಂಗ್ ನಡುಗುವುದು ಇದರಿಂದಲೇ.

ಚಕ್ರ ಕೂರಿಸುವಾಗ ನಟ್ಟುಗಳನ್ನು ಮೊದಲು ಬೆರಳಿನಿಂದ ತಿರುಗಿಸಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚಿನಲ್ಲಿ ಮುಗಿಸಬೇಕು. ಸಣ್ಣ ಹ್ಯಾಚ್‌ಬ್ಯಾಕುಗಳಿಗೆ ಸಾಮಾನ್ಯವಾಗಿ 85ರಿಂದ 100 ನ್ಯೂಟನ್ ಮೀಟರ್, ಅದಕ್ಕಿಂತ ದೊಡ್ಡವಕ್ಕೆ 110, 120ರ ಆಸುಪಾಸು. ನಿಮ್ಮ ಕಾರಿನ ಪುಸ್ತಕದಲ್ಲಿ ಸರಿಯಾದ ಅಂಕಿ ಇರುತ್ತದೆ. ಗಾಳಿಯ ಗನ್ನಿನಿಂದ ಕೊನೆಯವರೆಗೂ ಬಿಗಿದರೆ, ಇಲ್ಲವೇ ಪಾನದ ಮೇಲೆ ಹತ್ತಿ ನಿಂತರೆ ಈ ಮಿತಿ ದಾಟಿಹೋಗುತ್ತದೆ. 70 ಕಿಲೋ ತೂಕದವರು 30 ಸೆಂ.ಮೀ. ಉದ್ದದ ಪಾನದ ತುದಿಯಲ್ಲಿ ನಿಂತರೆ 200 ನ್ಯೂಟನ್ ಮೀಟರ್ ಮೀರುತ್ತದೆ. ನಟ್ಟು ಕೂರುವ ಬೋಲ್ಟು (ಸ್ಟಡ್ಡು) ಎಳೆದುಹೋಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗಿ ಬ್ರೇಕ್ ಒತ್ತಿದಾಗ ನಡುಕ ಬರುತ್ತದೆ, ರಾತ್ರಿ ದಾರಿಯಲ್ಲಿ ಪಂಕ್ಚರ್ ಆದರೆ ಮನೆಯವರಿಂದ ನಟ್ಟು ಬಿಚ್ಚಲಾಗುವುದಿಲ್ಲ. 50ರಿಂದ 100 ಕಿ.ಮೀ. ಓಡಿದ ಮೇಲೆ ಒಮ್ಮೆ ಬಿಗಿ ಪರೀಕ್ಷಿಸಿ. ಅಲಾಯ್ ರಿಮ್ಮಿಗೆ ಇದು ಇನ್ನೂ ಅಗತ್ಯ.

ಅಲೈನ್‌ಮೆಂಟು ಮತ್ತು ಗಾಳಿ

ಗಾಳಿ ಸರಿಯಾಗಿ ತುಂಬಿದ ನಂತರವೇ ಅಲೈನ್‌ಮೆಂಟ್. ಹೆಚ್ಚಿನ ಮನೆ ಕಾರುಗಳಲ್ಲಿ ತಿರುಗಿಸಿ ಸರಿಮಾಡಲು ಬರುವುದು ಮುಂದಿನ ಟೋ ಮಾತ್ರ. ಕ್ಯಾಂಬರ್, ಕ್ಯಾಸ್ಟರ್ ಎಂಬ ಉಳಿದ ಕೋನಗಳು ಯಂತ್ರದ ಪರದೆಯಲ್ಲಿ ಕೆಂಪು ಬಣ್ಣದಲ್ಲಿ ಬಂದರೆ ಯಾವುದೋ ಭಾಗ ಬಗ್ಗಿದೆ ಇಲ್ಲವೇ ಸವೆದಿದೆ. ಆಗ ಕಾರಣ ಹುಡುಕಬೇಕು. ಮುಂಚಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ಪಡೆಯಿರಿ.

ಎಷ್ಟು ಗಾಳಿ ಎಂಬುದು ಬಾಗಿಲಿನ ಸ್ಟಿಕರ್‌ನಲ್ಲಿದೆ, ತುಂಬಿದ ಕಾರಿಗೆ ಬೇರೆ ಅಂಕಿಯೂ ಇರುತ್ತದೆ. ಟೈರಿನ ಮೇಲೆ ಬರೆದ 44 ಅಥವಾ 51 ಪಿಎಸ್‌ಐ ಗರಿಷ್ಠ ಮಿತಿ, ತುಂಬಬೇಕಾದ ಅಳತೆ ಅದಲ್ಲ. ತಣ್ಣಗಿರುವಾಗ, ಬೆಳಿಗ್ಗೆ ಓಡಿಸುವ ಮುಂಚೆ ಅಳೆಯಿರಿ. ಓಡಿ ಬಿಸಿಯಾದ ಟೈರಿನಲ್ಲಿ 3ರಿಂದ 5 ಪಿಎಸ್‌ಐ ಏರುವುದು ಸಹಜ. ಅದನ್ನು ನೋಡಿ ಬೇಸಿಗೆಯಲ್ಲಿ ಗಾಳಿ ಇಳಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ, ಅದು ಅಪಾಯಕಾರಿ. ಗಾಳಿ ಕಡಿಮೆಯಾದರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಆ ಮಡಚುವಿಕೆಯಿಂದ ಬಿಸಿ ಹೆಚ್ಚುತ್ತದೆ, ಬಿಸಿಯಿಂದ ಒಳಗಿನ ಪದರಗಳು ಬಿಡುತ್ತವೆ. ಹೆದ್ದಾರಿಯಲ್ಲಿ ಟೈರು ಸಿಡಿಯುವ ಹಿಂದೆ ಎಷ್ಟೋ ಸಲ ಇರುವುದು ಕಡಿಮೆ ಗಾಳಿ.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಬಳಸಿದ ಲೇಪ ಉಳಿದಿರುತ್ತದೆ. ಮೊದಲ 150–200 ಕಿ.ಮೀ. ನಿಧಾನಕ್ಕೆ ಓಡಿಸಿ, ಒದ್ದೆ ರಸ್ತೆಯಲ್ಲಂತೂ ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡಿ. ಪ್ರತಿ 8ರಿಂದ 10 ಸಾವಿರ ಕಿ.ಮೀ.ಗೆ ಟೈರುಗಳ ಜಾಗ ಬದಲಿಸಿ: ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನವು ನೇರ ಹಿಂದಕ್ಕೆ, ಹಿಂದಿನವು ಅಡ್ಡವಾಗಿ ಮುಂದಕ್ಕೆ. ಬಾಣವಿರುವ ಟೈರಾದರೆ ಅದೇ ಬದಿಯಲ್ಲಿ ಹಿಂದೆ ಮುಂದೆ ಮಾತ್ರ.

ಸಭಿಕರ ಪ್ರಶ್ನೆಗಳು

*ನೈಟ್ರೋಜನ್ ತುಂಬಿಸಬೇಕೇ?*

ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಹಾಕಿಸಿದರೆ ಕೆಡುಕಿಲ್ಲ, ಲಾಭವೂ ಅಲ್ಪ. ಆ ದುಡ್ಡಿಗೆ ಒಂದು ಒಳ್ಳೆಯ ಗೇಜು ಕೊಂಡು ಹದಿನೈದು ದಿನಕ್ಕೊಮ್ಮೆ ನೀವೇ ಅಳೆಯಿರಿ.

*ಸೆಕೆಂಡ್ ಹ್ಯಾಂಡ್ ಟೈರು ಅಗ್ಗಕ್ಕೆ ಸಿಗುತ್ತದೆ, ಟ್ರೆಡ್ ಆಳವಾಗಿಯೇ ಕಾಣುತ್ತದೆ.*

ಬೇಡ. ಬೋಳಾದ ಟೈರಿಗೆ ಬಿಸಿ ಬ್ಲೇಡಿನಿಂದ ಮತ್ತೆ ಕಾಲುವೆ ಕೊರೆದು, ಕಪ್ಪು ಪಾಲಿಶ್ ಬಳಿದು ಮಾರುವುದುಂಟು. ಕಾರಿನ ಟೈರಿನಲ್ಲಿ ಹಾಗೆ ಕೊರೆಯುವಷ್ಟು ದಪ್ಪ ರಬ್ಬರು ಇರುವುದಿಲ್ಲ, ಕೊರೆದಾಗ ಉಕ್ಕಿನ ಪಟ್ಟಿಗೇ ತಾಗುತ್ತದೆ. ಕಾಲುವೆಯ ತಳದಲ್ಲಿ ಆ 1.6 ಮಿ.ಮೀ. ದಿಣ್ಣೆ ಕಾಣದಿದ್ದರೆ ಕೊರೆದದ್ದೆಂದು ತಿಳಿಯಿರಿ.

*ಸ್ಟೆಪ್ನಿಯನ್ನೂ ಬದಲಿಸಬೇಕೇ?*

ಅಳತೆ ಒಂದೇ ಆಗಿದ್ದು ಸ್ಟೆಪ್ನಿಗೆ ವಯಸ್ಸಾಗಿದ್ದರೆ, ತೆಗೆದ ನಾಲ್ಕರಲ್ಲಿ ಚೆನ್ನಾಗಿರುವ, ಕಡಿಮೆ ವಯಸ್ಸಿನ ಒಂದನ್ನು ಸ್ಟೆಪ್ನಿಯಾಗಿಸಿ. ಡಿಕ್ಕಿಯಲ್ಲೇ ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ವಾರದ ಅಂಕಿ ನೋಡಿ ತೀರ್ಮಾನಿಸಿ. ಅದರಲ್ಲಿ 3–4 ಪಿಎಸ್‌ಐ ಹೆಚ್ಚು ಇಟ್ಟಿರಿ, ತಿಂಗಳುಗಟ್ಟಲೆ ಯಾರೂ ನೋಡುವುದಿಲ್ಲ. ಸಣ್ಣ ಅಳತೆಯ ತಾತ್ಕಾಲಿಕ ಸ್ಟೆಪ್ನಿಯಾದರೆ 80 ಕಿ.ಮೀ. ವೇಗ ದಾಟಬೇಡಿ. ಇತ್ತೀಚಿನ ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಟ್ಯೂಬ್‌ಲೆಸ್ ಟೈರು, ಗಾಳಿ ತೋರಿಸುವ ವ್ಯವಸ್ಥೆ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರ ನಿಯಮ ಬದಲಾಯಿತು. ಅಂಥ ಕಾರಿನಲ್ಲಿ ಕಿಟ್‌ನ ದ್ರವದ ಅವಧಿ ಮುಗಿದಿದೆಯೇ ನೋಡಿ.

*ಹೊಸ ಟೈರು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದರೂ ಕಾರು ಎಡಕ್ಕೆ ಎಳೆಯುತ್ತದೆ.*

ಮೊದಲು ಎರಡೂ ಬದಿಯ ಗಾಳಿ ಸಮ ಇದೆಯೇ ನೋಡಿ. ನಮ್ಮ ರಸ್ತೆಗಳು ಮಳೆನೀರು ಹರಿಯಲೆಂದು ಎಡಕ್ಕೆ ಇಳಿಜಾರಾಗಿರುತ್ತವೆ, ಆದ್ದರಿಂದ ಸಮತಟ್ಟಾದ ಜಾಗದಲ್ಲಿ ಓಡಿಸಿ ಖಚಿತ ಮಾಡಿಕೊಳ್ಳಿ. ಆಗಲೂ ಎಳೆದರೆ, ಬಾಣವಿಲ್ಲದ ಟೈರಾಗಿದ್ದಲ್ಲಿ, ಮುಂದಿನ ಎರಡು ಚಕ್ರಗಳನ್ನು ಎಡಬಲ ಅದಲುಬದಲು ಮಾಡಿಸಿ. ಎಳೆತ ಬಲಕ್ಕೆ ತಿರುಗಿದರೆ ದೋಷ ಟೈರಿನಲ್ಲಿದೆ: ಬಿಲ್ಲು, ವಾರಂಟಿ ಕಾರ್ಡು, ಟೈರಿನ ಸೀರಿಯಲ್ ಸಂಖ್ಯೆ ತೆಗೆದುಕೊಂಡು ಅದೇ ವಾರ ಮಾರಿದವರ ಬಳಿ ಹೋಗಿ. ಎಡಕ್ಕೇ ಉಳಿದರೆ ಟೈರಿನದಲ್ಲ. ಆ ಬದಿಯ ಬ್ರೇಕ್ ಕಚ್ಚಿಕೊಂಡಿದೆಯೇ, ಬುಷ್ ಹೋಗಿದೆಯೇ ಎಂದು ಮೆಕ್ಯಾನಿಕ್ ನೋಡಬೇಕು. ಹತ್ತು ಕಿ.ಮೀ. ಓಡಿಸಿ ಬಂದು ಎರಡೂ ರಿಮ್ಮಿನ ಹತ್ತಿರ ಅಂಗೈ ಹಿಡಿಯಿರಿ. ಮುಟ್ಟಬೇಡಿ. ಒಂದು ಬದಿ ಮಾತ್ರ ಕಾದಿದ್ದರೆ ಬ್ರೇಕ್ ಕಚ್ಚಿಕೊಂಡಿರುವುದು ಅಲ್ಲೇ.